ಫ್ರಿಜ್ಜಿನಲ್ಲಿ ಅನುಮತಿಯಿಲ್ಲದೆ ಎದ್ದು ನಿಂತ ಸಾರುವೆ

ಇಂದ,
ಹಿರಿಯ ಪ್ರಯೋಗಾಲಯ ಸಹಾಯಕಿ,
ಮೂರನೇ ಮಹಡಿ, ಫ್ರಿಜ್ಜಿನ ಪಕ್ಕದ ಮೇಜು.

ಗೆ,
ಮಾನ್ಯ ಮುಖ್ಯ ಆಡಳಿತಾಧಿಕಾರಿಗಳು,
ನೆಲಮಹಡಿ.

(ಸೂಕ್ತ ಮಾರ್ಗದ ಮೂಲಕ, ಅಂದರೆ ಮೆಟ್ಟಿಲುಗಳ ಮೂಲಕ. ಲಿಫ್ಟ್ ಕೆಟ್ಟಿರುವುದರ ಬಗ್ಗೆ ಬೇರೆ ಅರ್ಜಿ ಕೊಡಲಾಗಿದೆ.)

ವಿಷಯ: ತನ್ನಷ್ಟಕ್ಕೆ ತಾನೇ ಕಟ್ಟಿಕೊಂಡು ನಿಂತಿರುವ ಸಾರುವೆಯನ್ನು ತೆರವುಗೊಳಿಸದಿರುವ ಬಗ್ಗೆ, ಹಾಗೂ ಅದರ ಮೇಲಿರುವ ಸುಮಾರು ಆರು ಲಕ್ಷ ಕೋಟಿ ಕೆಲಸಗಾರರು ಕೆಳಗಿಳಿಯುವ ದಿನಾಂಕದ ಬಗ್ಗೆ.

ಉಲ್ಲೇಖ: 1) ಕಟ್ಟಡ ವಿಭಾಗದ ನೋಟಿಸು: "ಮೂರನೇ ಮಹಡಿಯಲ್ಲಿ ಅನಧಿಕೃತ ಸಾರುವೆ".
2) ಅದೇ ವಿಭಾಗದ ಎರಡನೇ ನೋಟಿಸು: "ಒಂದು ಗೇಣು ಎತ್ತರದ ಶೆಲ್ಫಿನಲ್ಲಿ ಒಂದು ಮೀಟರ್ ಎತ್ತರದ ಸಾರುವೆ ಇಟ್ಟಿರುವುದು".
3) ತಮ್ಮ ಕಚೇರಿಯ ಜ್ಞಾಪನ: "ಕೆಲಸಗಾರರು ಇನ್ನೂ ಇಳಿಯದಿರುವುದಕ್ಕೆ ಕಾರಣ ಕೇಳಿ".

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ:

1. ಅರ್ಜಿಗಳಲ್ಲಿ "ನಾನು", "ನನ್ನ", "ನನಗೆ" ಎಂಬ ಪದಗಳನ್ನು ಬಳಸಿ ಕಡತಕ್ಕೆ ಸ್ವಂತ ಸಂಕಟ ಸೇರಿಸಬಾರದೆಂದು ತಮ್ಮ ಸುತ್ತೋಲೆ ಇದೆ. ಆ ಕಾರಣ, ಇದನ್ನು ಬರೆಯುತ್ತಿರುವವಳನ್ನು ಇಲ್ಲಿಂದ ಮುಂದೆ "ಅರ್ಜಿದಾರಳು" ಎಂದು ಕರೆಯಲಾಗಿದೆ. ಸಂಕಟವನ್ನು ಸಾಧ್ಯವಾದಷ್ಟು ಸೋಸಲಾಗಿದೆ. ಎಲ್ಲಾದರೂ ಉಳಿದಿದ್ದರೆ ಟೈಪಿಂಗ್ ದೋಷವೆಂದು ಭಾವಿಸಬೇಕು.

2. ಅರ್ಜಿದಾರಳು ಹತ್ತೊಂಬತ್ತು ವರ್ಷಗಳಿಂದ ಈ ಸಂಸ್ಥೆಯ ಮೂರನೇ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದಾಳೆ. ಅವಳು ದಿನಾ ಬರುವ ಬಸ್ಸು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಹಿಂದಿನ ಕಾಲುವೆಯ ಪಕ್ಕ ಹಾದು ಬರುತ್ತದೆ. ಕಾಲುವೆಯ ನೀರು ಕಾರ್ಖಾನೆಯವರ ಮನಸ್ಸಿನಲ್ಲಿ ಆ ವಾರ ಯಾವ ಬಣ್ಣವಿದೆಯೋ ಆ ಬಣ್ಣದಲ್ಲಿರುತ್ತದೆ. ಹೆಚ್ಚಿನ ವಾರ ನೀಲಿ. ಈ ನೀಲಿಯನ್ನು ತಿಂದು ಹಾಕುವ ಒಂದು ಪ್ರೋಟೀನು ಇದೆ. ಅದನ್ನು ಹಾಗೇ ನೀರಿಗೆ ಬಿಟ್ಟರೆ ನೀರಿನ ಜೊತೆ ಹರಿದು ಹೋಗುತ್ತದೆ, ಒಂದೆರಡು ದಿನದಲ್ಲಿ ಕೆಟ್ಟೂ ಹೋಗುತ್ತದೆ. ಆದ್ದರಿಂದ ಅದನ್ನು ಯಾವುದಕ್ಕಾದರೂ ಕಟ್ಟಿ ಹಾಕಬೇಕು. ಇದು ಮೂರನೇ ಮಹಡಿಯವರ ಕೆಲಸ.

ಕಟ್ಟಿ ಹಾಕುವುದಕ್ಕೆ ಬಳಸುವ ವಸ್ತುವಿಗೆ ನಮ್ಮ ಕಡತಗಳಲ್ಲಿ "ಸಾರುವೆ" ಎಂಬ ಹೆಸರಿದೆ. ಎಲ್ಲ ತೊಂದರೆಗೂ ಈ ಹೆಸರೇ ಮೂಲ. ಗೋಡೆಗೆ ಬಣ್ಣ ಬಳಿಯುವಾಗ ಕಂಬ ನಿಲ್ಲಿಸಿ, ಅಡ್ಡಗಂಬ ಬಿಗಿದು, ಹಲಗೆ ಹಾಕಿ ಆಳು ನಿಲ್ಲಲು ಜಾಗ ಮಾಡುತ್ತಾರಲ್ಲ, ಅದು ಸಾರುವೆ. ನಮ್ಮದೂ ಅಂಥದೇ, ಎರಡೇ ವ್ಯತ್ಯಾಸ. ಒಂದು, ಒಂದು ಕೂದಲನ್ನು ಉದ್ದಕ್ಕೆ ಎಂಟು ಸಾವಿರ ಸೀಳು ಮಾಡಿದರೆ ಒಂದು ಸೀಳು ಎಷ್ಟು ದಪ್ಪವಿರುತ್ತದೋ ನಮ್ಮ ಸಾರುವೆಯ ಕಂಬ ಅಷ್ಟು ದಪ್ಪ. ಎರಡು, ಅದನ್ನು ಯಾರೂ ಕಟ್ಟುವುದಿಲ್ಲ. ಪ್ರೋಟೀನಿನ ಚಿಕ್ಕ ಚಿಕ್ಕ ತುಂಡುಗಳನ್ನು ಉಪ್ಪುನೀರಿನಲ್ಲಿ ಬಿಟ್ಟು ಸುಮ್ಮನಿದ್ದರೆ ಅವು ಒಂದನ್ನೊಂದು ಹುಡುಕಿಕೊಂಡು ಹೋಗಿ, ಬಸ್ ನಿಲ್ದಾಣದಲ್ಲಿ ಜನ ತಾವಾಗಿಯೇ ಸಾಲು ನಿಂತ ಹಾಗೆ, ಸಾಲಾಗಿ ನಿಲ್ಲುತ್ತವೆ. ಅಂಥ ಬಸ್ ನಿಲ್ದಾಣವನ್ನು ಅರ್ಜಿದಾರಳು ನೋಡಿಲ್ಲ. ಪ್ರೋಟೀನನ್ನು ನೋಡಿದ್ದಾಳೆ.

3. ಸಾರುವೆ ನಿಲ್ಲಿಸುವುದು ಸುಲಭ. ಅದರ ಮೇಲೆ ಕೆಲಸಗಾರ ಪ್ರೋಟೀನನ್ನು ಕಟ್ಟುವುದು ಕಷ್ಟ. ಸಾರುವೆಗೆ ಒಂದು ಕುಣಿಕೆ, ಪ್ರೋಟೀನಿಗೆ ಒಂದು ಕೊಕ್ಕೆ. ಒಮ್ಮೆ ಸಿಕ್ಕಿಕೊಂಡರೆ ಬಿಡಿಸಲು ಬರುವುದಿಲ್ಲ. ನಾಲ್ಕು ವರ್ಷದಲ್ಲಿ ಅರ್ಜಿದಾರಳು ಇನ್ನೂರ ಹನ್ನೊಂದು ಸಲ ಹೀಗೆ ಕಟ್ಟಿದಳು. ಇನ್ನೂರ ಹನ್ನೊಂದು ಸಲವೂ ಕಟ್ಟು ಬಿಗಿಯಾಗಿತ್ತು, ಕೆಲಸ ಮಾತ್ರ ನಡೆಯಲಿಲ್ಲ. ಪ್ರೋಟೀನು ಬಾಯಿಯನ್ನು ಸಾರುವೆಯ ಕಡೆ ಮಾಡಿಕೊಂಡು ಅಂಟಿ ಕೂತುಬಿಡುತ್ತಿತ್ತು. ಗೋಡೆಗೆ ಮುಖ ಒತ್ತಿಕೊಂಡವನಿಗೆ ಊಟ ಬಡಿಸಿ ಏನು ಪ್ರಯೋಜನ. ನೀಲಿ ನೀಲಿಯಾಗಿಯೇ ಉಳಿಯಿತು.

ಅರ್ಜಿದಾರಳ ಗಂಡ ದರ್ಜಿ. ಒಂದು ಭಾನುವಾರ ಅವರು ಕೋಟಿಗೆ ಗುಂಡಿ ಹೊಲಿಯುತ್ತಿದ್ದರು. ಗುಂಡಿಯನ್ನು ಬಟ್ಟೆಗೆ ಒತ್ತಿ ಹೊಲಿಯದೆ ನಡುವೆ ದಾರದ ಒಂದು ಪುಟ್ಟ ಕುತ್ತಿಗೆ ಬಿಡುತ್ತಿದ್ದರು.

"ಯಾಕ್ರೀ ಹಾಗೆ ಸಡಿಲ ಬಿಡ್ತೀರಿ?" ಎಂದು ಅರ್ಜಿದಾರಳು ಕೇಳಿದಳು. ಮದುವೆಯಾಗಿ ಇಪ್ಪತ್ತೊಂದು ವರ್ಷದಲ್ಲಿ ಅವಳು ಅವರ ಕೆಲಸದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಇದು.

"ಬಟ್ಟೆಗೇ ಅಂಟಿಸಿದ್ರೆ ಗುಂಡಿ ಕಾಜಾಕ್ಕೆ ಹೋಗಲ್ಲ. ಅದಕ್ಕೂ ಸ್ವಲ್ಪ ಕತ್ತು ತಿರುಗಿಸೋಕೆ ಜಾಗ ಬೇಕಲ್ವಾ," ಎಂದು ಅವರು ಹಲ್ಲಲ್ಲಿ ದಾರ ಕಡಿದರು.

ಮರುದಿನ ಅರ್ಜಿದಾರಳು ಕೊಕ್ಕೆಗೂ ಪ್ರೋಟೀನಿಗೂ ನಡುವೆ ಒಂದು ಮೆತ್ತನೆಯ ಕುತ್ತಿಗೆ ಇಡೋಣವೆಂದು ಮುಖ್ಯ ವಿಜ್ಞಾನಿ ಮೇಡಂ ಹತ್ತಿರ ಹೇಳಿದಳು. ಇದನ್ನೇ ತಾವು ಹೋದ ವರ್ಷದ ಸಭೆಯಲ್ಲಿ ಹೇಳಿದ್ದಾಗಿ ಮೇಡಂ ನಡವಳಿ ತೆಗೆದು ತೋರಿಸಿದರು. ಯಾರ ಮಾತಾದರೇನು, ಇನ್ನೂರ ಹನ್ನೆರಡನೇ ಸಲ ಎರಡು ಹನಿ ನೀಲಿ ಹಾಕಿ ಗಡಿಯಾರ ನೋಡಿದರೆ ಒಂಬತ್ತೇ ನಿಮಿಷದಲ್ಲಿ ಟ್ಯೂಬಿನ ನೀರು ತಿಳಿಯಾಯಿತು. ಅರ್ಜಿದಾರಳು ಕೈತೊಳೆಯುವ ನೆಪದಲ್ಲಿ ನಲ್ಲಿ ತಿರುಗಿಸಿ ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿದ್ದಳು. ಮೇಡಂ ಕೂಡ ಅದೇ ನಲ್ಲಿಗೆ ಬಂದರು.

ಇನ್ನು ಉಳಿದದ್ದು ಒಂದೇ. ಆ ಟ್ಯೂಬನ್ನು ಫ್ರಿಜ್ಜಿನ ಎರಡನೇ ಶೆಲ್ಫಿನಲ್ಲಿಟ್ಟು ನಲವತ್ತೈದು ದಿನ, ದಿನಕ್ಕೊಮ್ಮೆ, ಅದರಿಂದ ಒಂದಿಷ್ಟು ತೆಗೆದು ನೀಲಿ ಹಾಕಿ, ಇನ್ನೂ ಕೆಲಸ ಮಾಡುತ್ತಿದೆಯೇ ನೋಡಬೇಕು. ನಡುವೆ ಫ್ರಿಜ್ಜು ನಿಲ್ಲಬಾರದು, ಟ್ಯೂಬು ಕದಲಬಾರದು. ಒಂದು ದಿನ ತಪ್ಪಿದರೂ ಮೊದಲಿನಿಂದ.

4. ಮಾಸಿಕ ವರದಿಯಲ್ಲಿ ಅರ್ಜಿದಾರಳು ಬರೆದ ವಾಕ್ಯ ಹೀಗಿದೆ: "ಮೂರನೇ ಮಹಡಿಯಲ್ಲಿ ಸಾರುವೆ ತಾನೇ ಕಟ್ಟಿಕೊಂಡು ಭದ್ರವಾಗಿ ನಿಂತಿದ್ದು, ಅದಕ್ಕೆ ಪ್ರೋಟೀನುಗಳನ್ನು ಬಿಡಿಸಿಕೊಳ್ಳಲಾಗದಂತೆ ಕಟ್ಟಲಾಗಿದೆ." ವರದಿ ತಮ್ಮ ಕಚೇರಿಯಿಂದ ಕಟ್ಟಡ ವಿಭಾಗಕ್ಕೆ ಯಾಕೆ ಹೋಯಿತೆಂದು ಅರ್ಜಿದಾರಳಿಗೆ ತಿಳಿಯದು. ಟ್ಯೂಬು ಫ್ರಿಜ್ಜಿಗೆ ಹೋದ ಮೂರನೇ ದಿನ ನೋಟಿಸು ಬಂತು. ಸಾರುವೆ ಕಟ್ಟಿದ ಗುತ್ತಿಗೆದಾರ ಯಾರು, ಕೆಳಗೆ ಸುರಕ್ಷತಾ ಬಲೆ ಕಟ್ಟಲಾಗಿದೆಯೇ, ಮೇಲಿರುವ ಕೆಲಸಗಾರರ ಸಂಖ್ಯೆ ಎಷ್ಟು, ಅವರನ್ನು ಬಿಡಿಸಿಕೊಳ್ಳಲಾಗದಂತೆ ಕಟ್ಟಿಹಾಕಿರುವುದು ಯಾವ ಕಾನೂನಿನಡಿ, ಮೂವತ್ತು ದಿನದೊಳಗೆ ತೆರವುಗೊಳಿಸತಕ್ಕದ್ದು.

ಸತ್ಯ ಹೇಳುವುದು ಅರ್ಜಿದಾರಳ ದುರಭ್ಯಾಸ. ಗುತ್ತಿಗೆದಾರ: ಇಲ್ಲ. ಬಲೆ: ಇಲ್ಲ. ಕೆಲಸಗಾರರು: ಸುಮಾರು ಆರು ಲಕ್ಷ ಕೋಟಿ. ಈ ಉತ್ತರದ ಯಥಾಪ್ರತಿ ಉಗ್ರಾಣಕ್ಕೂ ಹೋಗಿ, ತಲೆಗೊಂದರಂತೆ ಹೆಲ್ಮೆಟ್ ಕೊಡಬೇಕೆಂದು ಆದೇಶವಾಯಿತು. ಉಗ್ರಾಣದವರು ದಾಸ್ತಾನಿನಲ್ಲಿ ಹದಿನಾಲ್ಕು ಇವೆಯೆಂದೂ, ಉಳಿದದ್ದನ್ನು ಹಂತಹಂತವಾಗಿ ಕೊಡುವುದಾಗಿಯೂ ಬರೆದು ಹದಿನಾಲ್ಕನ್ನು ಕಳಿಸಿಕೊಟ್ಟರು. ಅವು ಫ್ರಿಜ್ಜಿನ ಮೇಲಿವೆ.

5. ಆರನೇ ದಿನ ಕಟ್ಟಡ ವಿಭಾಗದ ಎಂಜಿನಿಯರ್ ಟೇಪು ಹಿಡಿದು ಬಂದರು. ಮೂರು ಮಹಡಿ ಹತ್ತಿದ್ದರಿಂದ ಮೊದಲು ಕುಳಿತು ನೀರು ಕುಡಿದರು. ಅರ್ಜಿದಾರಳು ಟ್ಯೂಬು ತೋರಿಸಿದಳು. ಅದರಲ್ಲಿ ಅರ್ಧ ಚಮಚ ಕದಡಿದ ನೀರಿತ್ತು.

"ಸಾರುವೆ ಎಲ್ಲಿ?"

"ಇದರೊಳಗಿದೆ ಸಾರ್."

ಎಂಜಿನಿಯರ್ ಟ್ಯೂಬನ್ನು ಬೆಳಕಿಗೆ ಹಿಡಿಯಲು ಕೈಚಾಚಿದರು. ಅಲುಗಾಡಿಸಬಾರದು ಎಂದಳು ಅರ್ಜಿದಾರಳು. ಅವರು ಕೈ ಹಿಂದಕ್ಕೆ ತೆಗೆದುಕೊಂಡು ತಮ್ಮ ನಮೂನೆ ಬಿಚ್ಚಿದರು.

"ಎತ್ತರ ಬರೀಬೇಕಮ್ಮ. ನಮ್ಮ ನಮೂನೆಯಲ್ಲಿ ಸೊನ್ನೆ ಬರೆಯೋಕಾಗಲ್ಲ. ಒಂದು ಮೀಟರ್‌ಗಿಂತ ಕಮ್ಮಿ ತಗೊಳ್ಳೋದೇ ಇಲ್ಲ. ಒಂದು ಮೀಟರ್ ಅಂತ ಹಾಕ್ಲಾ?"

ಹಾಕಿದರು. ಈ ಒಂದು ಮೀಟರಿನ ಕಾರಣಕ್ಕೇ ಉಲ್ಲೇಖ (2)ರ ನೋಟಿಸು ಹುಟ್ಟಿತು. ಎಂಜಿನಿಯರ್ ಕೆಟ್ಟವರಲ್ಲ. ಹೊರಡುವಾಗ ಬಾಗಿಲ ಹತ್ತಿರ ನಿಂತು ಸಣ್ಣ ದನಿಯಲ್ಲಿ ಹೇಳಿದರು:

"ನನಗೆ ಅರ್ಥ ಆಗಿದೆಯಮ್ಮ. ಆದರೆ ನೋಟಿಸು ಹೋಗಿಬಿಟ್ಟಿದೆ. ಕಳಿಸಿದ ನೋಟಿಸು ತಪ್ಪು ಅಂತ ಬರೆಯೋಕೆ ನಮ್ಮಲ್ಲಿ ನಮೂನೆ ಇಲ್ಲ. ನಿಯಮ ಹದಿನಾಲ್ಕರಲ್ಲಿ ಒಂದು ದಾರಿ ಇದೆ, ನೋಡಿ. ಇಪ್ಪತ್ತು ವರ್ಷ ಅನುಭವ ಇರೋ ಸಾರುವೆ ಮೇಸ್ತ್ರಿ ಬಂದು 'ಭದ್ರವಾಗಿದೆ' ಅಂತ ಸಹಿ ಹಾಕಿದರೆ ಇಟ್ಟುಕೊಳ್ಳಬಹುದು. ಮೇಸ್ತ್ರಿಗಳ ಪಟ್ಟಿ ಇಲ್ಲಿದೆ."

ಪಟ್ಟಿಯಲ್ಲಿ ಮೂರು ಹೆಸರಿದ್ದವು. ಇಬ್ಬರು ತೀರಿಕೊಂಡಿದ್ದರು. ಮೂರನೆಯವರು ಆ ಹೊತ್ತಿಗೆ ಅರ್ಜಿದಾರಳ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಕಡಲೆಕಾಳು ಆರಿಸುತ್ತಿದ್ದಿರಬೇಕು. ಅವರು ಅರ್ಜಿದಾರಳ ಅಪ್ಪ.

6. ಅರ್ಜಿದಾರಳ ಅಪ್ಪನಿಗೆ ಎಪ್ಪತ್ನಾಲ್ಕು. ಮೂವತ್ತೆಂಟು ವರ್ಷ ಸಾರುವೆ ಕಟ್ಟಿದವರು. ಈ ಊರಿನಲ್ಲಿ ಎರಡು ಮಹಡಿಗಿಂತ ಎತ್ತರ ಇರುವ ಕಟ್ಟಡ ಕಂಡರೆ, ಅದರ ಹೊರಮೈಯ ಗಾಳಿಯಲ್ಲಿ ಅವರು ಎಲ್ಲೋ ಒಂದು ಕಡೆ ನಿಂತಿದ್ದರು ಎಂದುಕೊಳ್ಳಬಹುದು. ಅವರ ನಿಯಮ ಒಂದೇ: ತಾನು ಹತ್ತಿ ನಿಂತು ನೋಡದ ಸಾರುವೆಗೆ ಸಹಿ ಹಾಕುವುದಿಲ್ಲ.

ಒಂದು ಸಲ ಹಾಕಿದ್ದರು. ಊಟದ ಹೊತ್ತು, ಗುತ್ತಿಗೆದಾರ ಅವಸರ ಮಾಡಿದ, ಅಪ್ಪ ಕೆಳಗೇ ನಿಂತು ಕಾಗದಕ್ಕೆ ಸಹಿ ಮಾಡಿಕೊಟ್ಟರು. ಮೂರು ಗಂಟೆಗೆ ಎರಡನೇ ಹಂತದ ಹಲಗೆ ಜಾರಿ ಬಣ್ಣದವನೊಬ್ಬ ಕೆಳಗೆ ಬಿದ್ದ. ಬದುಕಿದ. ಸೊಂಟ ಮತ್ತೆ ನೆಟ್ಟಗಾಗಲಿಲ್ಲ. ಆಮೇಲೆ ಅಪ್ಪ ಕೆಲಸ ಬಿಡುವವರೆಗೂ ಒಂದೇ ಒಂದು ಪ್ರಮಾಣಪತ್ರಕ್ಕೂ ಸಹಿ ಹಾಕಲಿಲ್ಲ. ಪಕ್ಕದವನ ಕೈಯಲ್ಲಿ ಹಾಕಿಸುತ್ತಿದ್ದರು, ತಾವು ಮಾತ್ರ ನಾಲ್ಕು ಸಲ ಹತ್ತಿ ಇಳಿಯುತ್ತಿದ್ದರು. ಅರ್ಜಿದಾರಳ ಕಾಲೇಜಿನ ಅಂಕಪಟ್ಟಿಗೆ ಪೋಷಕರ ಸಹಿ ಬೇಕಾದಾಗಲೂ ಪ್ರತಿಯೊಂದು ಉತ್ತರಪತ್ರಿಕೆ ತರಿಸಿ, ಬೆರಳು ಮಡಿಸಿ ಕೂಡಿ ನೋಡಿ, ಕೊನೆಗೆ ಅಮ್ಮನ ಕೈಯಲ್ಲಿ ಹಾಕಿಸಿದರು.

ಪ್ರತಿ ಬುಧವಾರ ಅಪ್ಪ ಆ ಬಣ್ಣದವನ ಮನೆಗೆ ಹೋಗಿ ಒಂದು ಗಂಟೆ ಕುಳಿತು ಬರುತ್ತಿದ್ದರು. ಏನು ಮಾತಾಡುತ್ತೀರಿ ಎಂದರೆ "ಏನೂ ಇಲ್ಲ, ಕೂತ್ಕೋತೀವಿ" ಅನ್ನುತ್ತಿದ್ದರು. ಹೋದ ವರ್ಷ ಅವನು ತೀರಿಕೊಂಡ. ಅದಾದ ಮೇಲೂ ಅಪ್ಪ ಬುಧವಾರ ಬೆಳಿಗ್ಗೆ ಅಂಗಿ ಬದಲಾಯಿಸಿ ಮನೆಯಲ್ಲೇ ಕುಳಿತಿರುತ್ತಿದ್ದರು. (ಈ ಭಾಗ ವಿಷಯಕ್ಕೆ ಸಂಬಂಧಿಸಿಲ್ಲವೆಂದು ತಮಗೆ ಅನ್ನಿಸಿದಲ್ಲಿ ದಯವಿಟ್ಟು ಅಂಶ 1ರ ಕೊನೆಯ ಸಾಲು ನೋಡಿ.)

7. ಹತ್ತನೇ ದಿನ ಅಪ್ಪನನ್ನು ಕರೆತರಲಾಯಿತು. ಅವರು ತಮ್ಮ ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಂಡು ಬಂದಿದ್ದರು. ಬಾಗಿಲಲ್ಲಿ ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ತೊಡಿಸಿದಾಗ "ಇದು ಜಾರುತ್ತೆ" ಅಂದರು. ಅರ್ಜಿದಾರಳು ಅವರನ್ನು ಕಂಪ್ಯೂಟರ್ ಮುಂದೆ ಕೂರಿಸಿ ದೊಡ್ಡ ಸೂಕ್ಷ್ಮದರ್ಶಕದಲ್ಲಿ ತೆಗೆದ ಸಾರುವೆಯ ಚಿತ್ರ ತೋರಿಸಿದಳು. ಬೂದು ಬಣ್ಣದಲ್ಲಿ ಉದ್ದುದ್ದ ಕಂಬಗಳು, ನಡುನಡುವೆ ಅಡ್ಡ ಪಟ್ಟಿ. ಅಪ್ಪ ಕನ್ನಡಕ ಒರೆಸಿಕೊಂಡು ತುಂಬಾ ಹೊತ್ತು ನೋಡಿದರು.

"ಇದನ್ನ ಕಟ್ಟಿದವನು ಯಾರು?"

"ಯಾರೂ ಕಟ್ಟಿಲ್ಲ ಅಪ್ಪ. ತಾನೇ ಕಟ್ಕೊಳ್ಳುತ್ತೆ."

"ಗಂಟು ಎಲ್ಲಿದೆ?"

"ಗಂಟಿಲ್ಲ. ಒಂದಕ್ಕೊಂದು ಒರಗಿಕೊಂಡು ನಿಂತಿರುತ್ತೆ."

"ನೀರಿಂದ ಹೊರಗೆ ತೆಗೆದ್ರೆ?"

"ಕುಸಿದುಬಿಡುತ್ತೆ."

"ಬಿಸಿನೀರು ಬಿದ್ರೆ?"

"ಬಿಚ್ಕೊಂಡು ಹೋಗುತ್ತೆ."

ಅಪ್ಪ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. "ಇದನ್ನ ಕಟ್ಟಿದವನು ನನ್ನ ಕೈಕೆಳಗೆ ಇದ್ದಿದ್ರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಮನೆಗೆ ಕಳಿಸ್ತಿದ್ದೆ."

ಮುಖ್ಯ ವಿಜ್ಞಾನಿ ಮೇಡಂ ನಕ್ಕರು. ಅರ್ಜಿದಾರಳು ನಗಲಿಲ್ಲ. ನಮೂನೆಯನ್ನು ಮೇಜಿನ ಮೇಲೆ ಇಟ್ಟು, ಸಹಿ ಮಾಡುವ ಜಾಗದಲ್ಲಿ ಬೆರಳಿಟ್ಟಳು.

"ಅಪ್ಪ, ಇದು ಬರೀ ಕಚೇರಿಗೆ. ಅವರ ಬಾಯಿ ಮುಚ್ಚಿಸೋಕೆ. ನಾಲ್ಕು ವರ್ಷದ ಕೆಲಸ ಇದು."

"ನಾನು ಇದರ ಮೇಲೆ ನಿಲ್ಲೋಕಾಗುತ್ತಾ?"

"ಅದು ಹೇಗೆ ಆಗುತ್ತೆ?"

"ಮತ್ತೆ ಸಹಿ ಹೇಗೆ ಹಾಕ್ಲಿ?" ಎಂದು ಅಪ್ಪ ಎದ್ದು ನಿಂತರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಹತ್ತು ಗಂಟೆಗೆ ಬಸ್ಸಿಲ್ಲ ಎಂದು ಹೇಳುವವರ ಹಾಗೆ ಹೇಳಿದರು.

8. ವಾಪಸು ಹೋಗುವ ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ, ಅರ್ಜಿದಾರಳು ಅವರ ಪಕ್ಕ. ಕಾಲುವೆ ಬಂತು. ಆ ದಿನವೂ ನೀಲಿ. ಆಗ ಅರ್ಜಿದಾರಳು ಹೇಳಬಾರದ್ದನ್ನು ಹೇಳಿದಳು.

"ನಿಂತು ನೋಡದೆ ಒಂದ್ಸಲ ಹಾಕಿದ್ರಲ್ಲ ಅಪ್ಪ. ಯಾರೋ ಗುತ್ತಿಗೆದಾರನಿಗೆ ಹಾಕಿಕೊಟ್ರಿ. ಮಗಳಿಗೆ ಮಾತ್ರ ಆಗಲ್ಲ."

ಅಪ್ಪ ಕಾಲುವೆಯನ್ನೇ ನೋಡುತ್ತಿದ್ದರು. ಮುಂದಿನ ನಿಲ್ದಾಣದಲ್ಲಿ "ನಾನು ಇಲ್ಲೇ ಇಳೀತೀನಿ" ಎಂದು ಇಳಿದರು. ಮನೆ ಇನ್ನೂ ಮೂರು ನಿಲ್ದಾಣ ಆಚೆಗಿತ್ತು.

ಆ ಬಳಿಕ ಮೂರು ದಿನ ಮನೆಯಲ್ಲಿ ಪತ್ರವ್ಯವಹಾರ ಅರ್ಜಿದಾರಳ ಗಂಡನ ಮೂಲಕ ನಡೆಯಿತು. "ನಿಮ್ಮಪ್ಪ ಉಪ್ಪು ಕೇಳ್ತಿದ್ದಾರೆ." "ಅಲ್ಲೇ ಅವರ ಮುಂದೇನೇ ಇದೆ ಅಂತ ಹೇಳಿ." "ಮಾವ, ಮುಂದೇನೇ ಇದೆಯಂತೆ." ಮೂರನೇ ದಿನ ಗಂಡ ಅಳತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು, ಇನ್ನು ಮೇಲೆ ತಲೆಗೊಂದು ಅರ್ಜಿ ಬರೆದುಕೊಟ್ಟರೆ ಸೀಲು ಹಾಕಿ ಮುಂದಕ್ಕೆ ಕಳಿಸುವುದಾಗಿ ಹೇಳಿ ಅಂಗಡಿಗೆ ಹೋದರು.

ಹದಿನಾಲ್ಕನೇ ದಿನ ಬೆಳಿಗ್ಗೆ ಅರ್ಜಿದಾರಳು ಬಸ್ ನಿಲ್ದಾಣಕ್ಕೆ ಬಂದರೆ ಅಪ್ಪ ಕ್ಯಾನ್ವಾಸ್ ಬೂಟು ಹಾಕಿಕೊಂಡು ಅವಳಿಗಿಂತ ಮೊದಲೇ ನಿಂತಿದ್ದರು.

"ಅವತ್ತು ನಾನು ಹಾಗೆ ಅನ್ನಬಾರದಿತ್ತು," ಅಂದಳು ಅರ್ಜಿದಾರಳು.

"ಅಂದಿದ್ದು ಸುಳ್ಳಲ್ವಲ್ಲ." ಅಪ್ಪ ರಸ್ತೆಯ ಕಡೆ ನೋಡುತ್ತ ಹೇಳಿದರು. "ನಾನು ಅದರ ಮೇಲೆ ನಿಲ್ಲೋಕಾಗಲ್ಲ. ನಿಂತಿರೋರು ಕೆಲಸ ಮಾಡ್ತಿದ್ದಾರಾ ಅಂತ ನೋಡಬಹುದಲ್ಲ. ದಿನಾ ನೋಡ್ತೀಯಂತೆ, ನಾನೂ ನೋಡ್ತೀನಿ. ಬಸ್ ಬಂತು, ಹತ್ತು."

9. ಅಂದಿನಿಂದ ಅಪ್ಪ ದಿನಾ ಬಂದರು. ಬಾಗಿಲಲ್ಲಿ ಪ್ಲಾಸ್ಟಿಕ್ ಚೀಲ ತೊಟ್ಟು, ಫ್ರಿಜ್ಜಿನ ಮೇಲಿಂದ ಒಂದು ಹೆಲ್ಮೆಟ್ ತೆಗೆದು ಹಾಕಿಕೊಂಡು (ಈಗ ದಾಸ್ತಾನಿನಲ್ಲಿ ಹದಿಮೂರು ಎಂದು ತಿದ್ದಿಕೊಳ್ಳಬೇಕು) ಟ್ಯೂಬಿನ ಮುಂದೆ ನಿಲ್ಲುತ್ತಿದ್ದರು. ಅರ್ಜಿದಾರಳು ಅದರಿಂದ ಒಂದಿಷ್ಟನ್ನು ಪುಟ್ಟ ಟ್ಯೂಬಿಗೆ ತೆಗೆದು ಎರಡು ಹನಿ ನೀಲಿ ಹಾಕುವಳು. ಅಪ್ಪ ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿಯುವರು. ಒಂಬತ್ತು ನಿಮಿಷ ಇಬ್ಬರ ಕಣ್ಣೂ ಟ್ಯೂಬಿನ ಮೇಲೆ. ನೀಲಿ ಮೊದಲು ಅಂಚಿನಲ್ಲಿ ತೆಳುವಾಗಿ, ಆಮೇಲೆ ಒಳಗೊಳಗೇ ಸೋರಿ ಹೋದ ಹಾಗೆ ಹೋಗುತ್ತದೆ. ಇಂಥ ಕ್ಷಣವೆಂದು ಹೇಳಲಾಗುವುದಿಲ್ಲ. ಅಪ್ಪ ಮಾತ್ರ ಹೇಳುತ್ತಿದ್ದರು: "ಹ್ಞಾಂ, ಈಗ."

ಇಪ್ಪತ್ತೊಂದನೇ ದಿನ ಅವರು ಕೇಳಿದರು, "ಇವರಲ್ಲಿ ಯಾರಾದ್ರೂ ಬಿದ್ದಿದ್ದಾರಾ?"

"ಕೆಲವರು ಕೆಟ್ಟಿರಬಹುದು ಅಪ್ಪ. ಬಿದ್ದಿರಲ್ಲ. ಕಟ್ಟು ಬಿಡಲ್ಲ."

"ಕೆಟ್ಟರೂ ಅಲ್ಲೇ ಇರ್ತಾರೆ?"

"ಅಲ್ಲೇ ಇರ್ತಾರೆ."

ಅಪ್ಪ ಕೈಗಡಿಯಾರ ಮತ್ತೆ ಕಟ್ಟಿಕೊಂಡು, "ಸರಿ" ಅಂದರು. ಯಾವುದಕ್ಕೆ ಸರಿ ಅಂದರೆಂದು ಅರ್ಜಿದಾರಳು ವಿಚಾರಿಸಲಿಲ್ಲ.

10. ಮೂವತ್ಮೂರನೇ ದಿನ, ನೋಟಿಸಿನ ಗಡುವು ಮುಗಿದ ದಿನ, ಸಾರುವೆ ಬಿಚ್ಚುವ ಇಬ್ಬರು ಹಗ್ಗ, ಪಾನಾ, ಒಂದು ಏಣಿ ಹಿಡಿದು ಮೂರನೇ ಮಹಡಿಗೆ ಬಂದರು. ಹಿಂದೆ ಎಂಜಿನಿಯರ್, ಕೈಯಲ್ಲಿ ಮಾನ್ಯರಾದ ತಮ್ಮ ಸಹಿ ಇರುವ ಆದೇಶ. ತೆರವು ಮಾಡದೆ ವರದಿ ಕೊಟ್ಟರೆ ತಮ್ಮ ಮೇಲೆ ಬರುತ್ತದೆಂದು ಅವರು ಅರ್ಜಿದಾರಳ ಮುಖ ನೋಡದೆ ಹೇಳಿದರು. ಫ್ರಿಜ್ಜಿನ ಪ್ಲಗ್ಗು ತೆಗೆದು, ಒಳಗಿರುವುದನ್ನು ಸಿಂಕಿಗೆ ಸುರಿಯಬೇಕೆಂದು ಆದೇಶದಲ್ಲಿತ್ತು. ಮುಖ್ಯ ವಿಜ್ಞಾನಿ ಮೇಡಂ ತಮಗೆ ಫೋನ್ ಮಾಡಲು ಹೊರಗೆ ಹೋದರು. ತಾವು ಸಭೆಯಲ್ಲಿದ್ದಿರಿ.

ಬಿಚ್ಚುವವರಲ್ಲಿ ದೊಡ್ಡವನು ಪ್ಲಗ್ಗಿಗೆ ಕೈ ಹಾಕಲು ಬಗ್ಗಿದವನು ಹಾಗೇ ನಿಂತ. ಹೆಲ್ಮೆಟ್ ಹಾಕಿಕೊಂಡು ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತವರನ್ನು ಆ ಕೆಲಸದಲ್ಲಿರುವ ಯಾರೂ ಗುರುತು ಹಿಡಿಯದೆ ಇರಲಾರರು.

"ಮೇಸ್ತ್ರಿ, ನೀವಿಲ್ಲಿ?"

"ಆಳು ಮೇಲಿರುವಾಗ ಸಾರುವೆ ಬಿಚ್ತೀರೇನ್ರಪ್ಪ?" ಅಂದರು ಅಪ್ಪ. "ಇದನ್ನೇನಾ ನಾನು ನಿಮಗೆ ಕಲಿಸಿದ್ದು?"

ಇಬ್ಬರೂ ಕೋಣೆಯ ಚಾವಣಿ ನೋಡಿದರು, ಗೋಡೆ ನೋಡಿದರು. "ಆಳು ಎಲ್ಲಿದ್ದಾರೆ ಮೇಸ್ತ್ರಿ?"

"ಏಣಿ ಕೆಳಗಿಡಿ. ಮಗಳೇ, ಹಾಕು."

ಅರ್ಜಿದಾರಳು ಪುಟ್ಟ ಟ್ಯೂಬಿಗೆ ಎರಡು ಹನಿ ನೀಲಿ ಹಾಕಿದಳು. ಅಪ್ಪ ಗಡಿಯಾರ ಬಿಚ್ಚಿದರು. ಅರ್ಜಿದಾರಳು, ಅಪ್ಪ, ಎಂಜಿನಿಯರ್, ಬಿಚ್ಚುವ ಇಬ್ಬರು, ಐದು ಜನ ಒಂದು ಬೆರಳಿನಷ್ಟು ಟ್ಯೂಬಿನ ಸುತ್ತ ಬಗ್ಗಿ ನಿಂತರು. ಐದು ನಿಮಿಷ ಏನೂ ಆಗಲಿಲ್ಲ. ಏಳಾಯಿತು. ಒಂಬತ್ತಾಯಿತು, ಇನ್ನೂ ನೀಲಿ. ಹತ್ತು. ಅಂಚು ತೆಳುವಾಯಿತು. ಹನ್ನೊಂದಕ್ಕೆ ನೀರು ತಿಳಿಯಾಗಿ, ಟ್ಯೂಬಿನ ಆಚೆ ನಿಂತ ಎಂಜಿನಿಯರ್ ಅಂಗಿಯ ಗುಂಡಿ ಕಾಣಿಸಿತು.

ಬಿಚ್ಚುವವರಲ್ಲಿ ಚಿಕ್ಕವನು ಮೊದಲು ಬಾಯಿಬಿಟ್ಟ. "ಕೆಲಸ ನಡೀತಿದೆ ಸಾರ್."

"ನಡೀತಿದೆ," ಅಂದ ದೊಡ್ಡವನು. "ಆಳು ಇಳೀದೆ ನಾವು ಕಂಬಕ್ಕೆ ಕೈ ಹಾಕಲ್ಲ."

ಎಂಜಿನಿಯರ್ ನಿಯಮಗಳ ಪುಸ್ತಕ ತೆಗೆದರು. ನಿಯಮ ಹತ್ತೊಂಬತ್ತು: ಸಾರುವೆಯ ಮೇಲೆ ಒಬ್ಬ ಕೆಲಸಗಾರನಿದ್ದರೂ ಯಾವ ಭಾಗವನ್ನೂ ಸಡಿಲಿಸತಕ್ಕದ್ದಲ್ಲ. ಅವರು ಅದನ್ನು ಎರಡು ಸಲ ಓದಿದರು. ಅಷ್ಟು ದಿನದಲ್ಲಿ ಮೊದಲ ಸಲ ಅವರ ಮುಖ ಅರಳಿತು. ಕುರ್ಚಿ ಎಳೆದುಕೊಂಡು ಆದೇಶದ ಅಂಚಿನಲ್ಲಿ ಷರಾ ಬರೆದರು: "ಸ್ಥಳ ಪರಿಶೀಲಿಸಲಾಯಿತು. ಕೆಲಸಗಾರರು ಕರ್ತವ್ಯದಲ್ಲಿ ನಿರತರಾಗಿದ್ದಾರೆ. ಅವರು ಇಳಿಯುವವರೆಗೆ ತೆರವು ಮುಂದೂಡಿದೆ." ಬಿಚ್ಚುವವರು ಏಣಿ ಎತ್ತಿಕೊಂಡು, ಹೋಗುವ ಮೊದಲು ಅಪ್ಪನಿಗೆ ಕೈಮುಗಿದರು. ಟ್ಯೂಬಿಗೂ ಮುಗಿದ ಹಾಗಿತ್ತು, ಅರ್ಜಿದಾರಳು ಖಚಿತವಾಗಿ ಹೇಳಲಾರಳು.

ನಿಯಮ ಹದಿನಾಲ್ಕರ ನಮೂನೆಗೆ ಅಪ್ಪ ಆ ದಿನವೂ ಸಹಿ ಹಾಕಲಿಲ್ಲ. ಇವತ್ತಿಗೂ ಹಾಕಿಲ್ಲ, ಮುಂದೆಯೂ ಹಾಕುವುದಿಲ್ಲ. ಆದರೆ ಎಲ್ಲರೂ ಹೋದ ಮೇಲೆ ದಿನದ ಪರೀಕ್ಷೆಯ ಪುಸ್ತಕ ಕೇಳಿದರು. ಅದರಲ್ಲಿ ದಿನ, ನಿಮಿಷ, ಮಾಡಿದವರು ಎಂಬ ಕಾಲಂಗಳ ಪಕ್ಕದಲ್ಲಿ "ನೋಡಿದವರು" ಎಂಬ ಒಂದು ಕಾಲಂ ನಾಲ್ಕು ವರ್ಷದಿಂದ ಖಾಲಿ ಇತ್ತು.

"ಇಲ್ಲಿ ಬರೀ ನೋಡಿದ್ದೀನಿ ಅಂತ ತಾನೇ?"

"ಅಷ್ಟೇ ಅಪ್ಪ."

"ನೋಡಿದ್ದೀನಿ," ಎಂದು ಅಪ್ಪ ಪೆನ್ನು ತೆಗೆದುಕೊಂಡರು. ಅವರ ಸಹಿಯನ್ನು ಅರ್ಜಿದಾರಳು ತನ್ನ ಜೀವಮಾನದಲ್ಲಿ ನೋಡಿದ್ದು ಅದೇ ಮೊದಲು. ಅಕ್ಷರಗಳು ಸ್ವಲ್ಪ ವಾಲಿದ್ದವು.

11. ಇದಾದ ಒಂದು ವಾರಕ್ಕೆ ಉಲ್ಲೇಖ (3)ರ ಜ್ಞಾಪನ ಬಂತು. ಕೆಲಸಗಾರರು ಯಾವ ದಿನಾಂಕದೊಳಗೆ ಇಳಿಯುತ್ತಾರೆ, ಇಳಿಯದಿರುವುದಕ್ಕೆ ಪ್ರತಿಯೊಬ್ಬರಿಂದಲೂ ಪ್ರತ್ಯೇಕ ವಿವರಣೆ ಪಡೆದು ಮೂರು ಪ್ರತಿಗಳಲ್ಲಿ ಸಲ್ಲಿಸುವುದು. ಅವರಿಗೆ ಬರವಣಿಗೆ ಬರುವುದಿಲ್ಲ. ಕೊಕ್ಕೆ ಬಿಚ್ಚುವಂಥದ್ದೂ ಅಲ್ಲ. ಆದ್ದರಿಂದ ಎಂದು ಇಳಿಯುತ್ತಾರೆಂದು ಅರ್ಜಿದಾರಳಿಗೆ ತಿಳಿಯದು.

12. ನಲವತ್ತೈದನೇ ದಿನ ನೀಲಿ ಹನ್ನೆರಡು ನಿಮಿಷಕ್ಕೆ ಹೋಯಿತು. ಮುಖ್ಯ ವಿಜ್ಞಾನಿ ಮೇಡಂ ಅಂಕಿಗಳನ್ನೆಲ್ಲ ಜೋಡಿಸಿ ನೋಡಿ, "ಸಾಕು, ಸಾಬೀತಾಯ್ತು, ಇನ್ನು ಕಾಲುವೆ ನೀರಲ್ಲಿ ಮಾಡೋಣ" ಅಂದರು. ಆ ಕೆಲಸಕ್ಕೆ ಹೊಸ ಸಾರುವೆ ಬೇಕು, ಅದು ಆಗಲೇ ಬೇರೆ ಟ್ಯೂಬಿನಲ್ಲಿ ಕಟ್ಟಿಕೊಳ್ಳುತ್ತಿದೆ. ಹಳೆಯ ಟ್ಯೂಬಿನಿಂದ ವಿಜ್ಞಾನಕ್ಕೆ ಇನ್ನು ಏನೂ ಆಗಬೇಕಿಲ್ಲ.

ನಲವತ್ತಾರನೇ ದಿನ ಅಪ್ಪ ಎಂದಿನಂತೆ ಬಸ್ ನಿಲ್ದಾಣದಲ್ಲಿದ್ದರು. ಅದು ಬುಧವಾರ. ಅರ್ಜಿದಾರಳು ಏನೂ ಹೇಳದೆ ಬಸ್ ಹತ್ತಿದಳು. ಎರಡು ಹನಿ ಹಾಕಿದಳು. ಅಪ್ಪ ಹನ್ನೆರಡು ನಿಮಿಷ ನಿಂತು "ಹ್ಞಾಂ, ಈಗ" ಅಂದು ಪುಸ್ತಕ ತೆರೆದರೆ ಪುಟ ಮುಗಿದಿತ್ತು. ಅರ್ಜಿದಾರಳು ಸ್ಕೇಲು ಹಿಡಿದು ಮುಂದಿನ ಪುಟಕ್ಕೆ ಇನ್ನೂ ನಲವತ್ತೈದು ಗೆರೆ ಎಳೆದುಕೊಟ್ಟಳು. ಇವತ್ತು ಐವತ್ತೆರಡನೇ ದಿನ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಾವು ದಯಮಾಡಿ:

(ಅ) ಉಲ್ಲೇಖ (1) ಮತ್ತು (2)ರ ನೋಟಿಸುಗಳನ್ನು ಹಿಂಪಡೆಯಬೇಕು. ಹಿಂಪಡೆಯುವ ನಮೂನೆ ಇಲ್ಲದಿದ್ದಲ್ಲಿ, ಕಡತದಲ್ಲಿ ಅವುಗಳ ಮೇಲೆ ಈ ಅರ್ಜಿಯನ್ನು ಇಟ್ಟು ಕಟ್ಟಬೇಕು.

(ಆ) ಕೆಲಸಗಾರರು ಇಳಿಯುವ ದಿನಾಂಕದ ಕಾಲಂನಲ್ಲಿ "ಅನ್ವಯಿಸುವುದಿಲ್ಲ" ಎಂದು ಓದಿಕೊಳ್ಳಬೇಕು.

(ಇ) ಹಳೆಯ ಟ್ಯೂಬಿನ ಬಾಬ್ತು ದಿನಕ್ಕೆ ಎರಡು ಹನಿ ನೀಲಿ ಬಣ್ಣವನ್ನು, ಉದ್ದೇಶ ಕೇಳದೆ, ಮಂಜೂರು ಮಾಡಬೇಕು.

(ಈ) ಫ್ರಿಜ್ಜಿನ ಪಕ್ಕಕ್ಕೆ ಅಲುಗಾಡದ ಒಂದು ಕುರ್ಚಿ ಒದಗಿಸಬೇಕು. ಈಗ ಇರುವ ಸ್ಟೂಲನ್ನು ಅರ್ಜಿದಾರಳ ಅಪ್ಪ ಪರಿಶೀಲಿಸಿ ತಿರಸ್ಕರಿಸಿದ್ದಾರೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಇರುವ,

(ಸಹಿ)
ಅರ್ಜಿದಾರಳು

ಲಗತ್ತುಗಳು:
1. ಸಾರುವೆಯ ಚಿತ್ರ, ಒಂದು ಪ್ರತಿ. (ಮೇಲೆ ಯಾವುದು, ಕೆಳಗೆ ಯಾವುದು ಎಂದಿಲ್ಲ. ಹೇಗೆ ಹಿಡಿದರೂ ಸರಿ.)
2. ಎಂಜಿನಿಯರ್ ಅವರ ಷರಾ ಇರುವ ಆದೇಶದ ಯಥಾಪ್ರತಿ.
3. ಪರೀಕ್ಷೆಯ ಪುಸ್ತಕದ ನಕಲು, "ನೋಡಿದವರು" ಕಾಲಂ ಸಹಿತ.
4. ಹೆಲ್ಮೆಟ್, ಹದಿಮೂರು, ಉಗ್ರಾಣಕ್ಕೆ ವಾಪಸು.

ವಿ.ಸೂ.: ಪರೀಕ್ಷೆ ನಲವತ್ತೈದನೇ ದಿನಕ್ಕೇ ಮುಗಿದಿರುವ ವಿಷಯವನ್ನು ಅರ್ಜಿದಾರಳ ಅಪ್ಪನಿಗೆ ತಿಳಿಸಿಲ್ಲ. ಆ ಕಾರಣ, ಈ ಅರ್ಜಿಗೆ ತಮ್ಮ ಉತ್ತರವನ್ನು ಮನೆಯ ವಿಳಾಸಕ್ಕೆ ಕಳಿಸಬಾರದೆಂದು ವಿನಂತಿ. ಮನೆಗೆ ಬಂದ ಅಂಚೆಯನ್ನು ಅವರೇ ತೆಗೆದುಕೊಳ್ಳುತ್ತಾರೆ, ಮತ್ತು ಪೂರ್ತಿ ಓದುತ್ತಾರೆ.